ಸರ್ಕಾರಿ ಅನುದಾನದಲ್ಲಿ ಕೊಂಡ ಆಸ್ತಿಯನ್ನು ಬೇರೆ ಕೆಲಸಕ್ಕೆ ಬಳಸುವ ಮುನ್ನ: ಟ್ರಸ್ಟು, ಸಂಘ, ಶಾಲೆಗಳಿಗೊಂದು ಮಾರ್ಗದರ್ಶಿ

"ವಿಶೇಷ ಶಾಲೆಯ ಮಕ್ಕಳನ್ನು ಕರೆತರಲು ಕೇಂದ್ರದ ಅನುದಾನದಲ್ಲಿ ವ್ಯಾನ್ ಕೊಂಡಿದ್ದೆವು. ಈಗ ಮಕ್ಕಳು ಕಡಿಮೆ. ವ್ಯಾನನ್ನು ನಮ್ಮದೇ ಟ್ರಸ್ಟಿನ ಆಸ್ಪತ್ರೆಗೆ ಬಳಸಿಕೊಳ್ಳಬಹುದೇ?" ಸಂಘಸಂಸ್ಥೆಗಳ ಕಾರ್ಯದರ್ಶಿಗಳು, ಖಜಾಂಚಿಗಳು ಕೇಳುತ್ತಲೇ ಇರುವ ಪ್ರಶ್ನೆ ಇದು. ವ್ಯಾನಿನ ಜಾಗದಲ್ಲಿ ಕೆಲವರದು ಕಂಪ್ಯೂಟರ್, ಕೆಲವರದು ಹೊಲಿಗೆ ಯಂತ್ರ, ಇನ್ನು ಕೆಲವರದು ಇಡೀ ಹಾಸ್ಟೆಲ್ ಕಟ್ಟಡ. ಪ್ರಶ್ನೆಯ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಆರ್‌ಸಿ ನಮ್ಮ ಹೆಸರಲ್ಲೇ ಇದೆಯಲ್ಲ, ಕೇಳೋರು ಯಾರು?"

ಆರ್‌ಸಿ, ಖಾತೆ, ಬಿಲ್ಲು ಎಲ್ಲವೂ ನಿಮ್ಮ ಹೆಸರಲ್ಲೇ ಇರಬಹುದು. ಆದರೆ ಆಸ್ತಿಯನ್ನು ಯಾವ ಕೆಲಸಕ್ಕೆ ಬಳಸಬೇಕು ಎಂಬ ಷರತ್ತು ಅನುದಾನದ ಜೊತೆಗೇ ಬಂದಿರುತ್ತದೆ, ಅನುದಾನ ಖರ್ಚಾದ ಮೇಲೂ ಉಳಿದಿರುತ್ತದೆ. ಬದಲಾವಣೆ ಮಾಡಲೇಬಾರದೆಂದೇನಿಲ್ಲ. ಅನುಮತಿ ಮೊದಲು, ಬದಲಾವಣೆ ಆಮೇಲೆ, ಅಷ್ಟೆ. ಈ ಕ್ರಮ ತಿರುಗುಮುರುಗಾದಾಗ ಒಳ್ಳೆಯ ಕೆಲಸ ಮಾಡುತ್ತಿರುವ ಸಂಸ್ಥೆಗಳೂ ಹಣ ವಾಪಸು ಕಟ್ಟುವ ಸ್ಥಿತಿಗೆ ಬರುತ್ತವೆ. ಸರಿಯಾಗಿ ಕೇಳಿದ್ದರೆ ತಪ್ಪಿಸಬಹುದಾಗಿದ್ದ ತೊಂದರೆ ಅದು.

ಈ ಲೇಖನ ಮುಖ್ಯವಾಗಿ ಕೇಂದ್ರ ಸರ್ಕಾರದ ಅನುದಾನದ ಬಗ್ಗೆ. ಅದನ್ನು ನಿಯಂತ್ರಿಸುವುದು ಸಾಮಾನ್ಯ ಹಣಕಾಸು ನಿಯಮಗಳು. ಕಚೇರಿಗಳಲ್ಲಿ ಎಲ್ಲರೂ ಜಿಎಫ್‌ಆರ್ ಎನ್ನುತ್ತಾರೆ. ಈಗ ಜಾರಿಯಲ್ಲಿರುವುದು 2017ರದು. ಅದಕ್ಕೂ ಮುಂಚೆ 2005ರದು, ಅದಕ್ಕೂ ಹಿಂದೆ 1963ರದು ಇತ್ತು. ರಾಜ್ಯ ಸರ್ಕಾರದ ಅನುದಾನವಾದರೆ ನಿಯಮದ ಪುಸ್ತಕ ಬೇರೆ, ಕೇಳಬೇಕಾದ ಕಚೇರಿ ಬೇರೆ. ಆದರೂ ಕೆಳಗಿನ ಹಂತಗಳನ್ನು ಬಹುಪಾಲು ಹಾಗೆಯೇ ಅನುಸರಿಸಬಹುದು.

ಮೊದಲು ಕೆಲವು ಪದಗಳು

ಮಂಜೂರಾತಿ ಆದೇಶ: ಅನುದಾನ ಎಷ್ಟು, ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ ಎಂದು ಇಲಾಖೆ ಹೊರಡಿಸಿದ ಪತ್ರ. ನಿಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯ ಕಾಗದ ಇದೇ.

ಮಂಜೂರಾತಿ ಪ್ರಾಧಿಕಾರ: ಆ ಆದೇಶ ಹೊರಡಿಸಿದ ಸಚಿವಾಲಯ ಅಥವಾ ಇಲಾಖೆ. ಅನುಮತಿ ಕೊಡಬೇಕಾದವರು ಇವರೇ.

ಯುಸಿ: ಬಳಕೆ ಪ್ರಮಾಣಪತ್ರ. ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂದು ನೀವು ಸಹಿ ಹಾಕಿ ಕೊಡುವುದು. ಸಂಸ್ಥೆಗಳಿಗೆ ಇದರ ನಮೂನೆ ಜಿಎಫ್‌ಆರ್ 12-ಎ. ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಸಲ್ಲಿಸಬೇಕು.

ಆಸ್ತಿ ವಹಿ: ಅನುದಾನದಲ್ಲಿ ಕೊಂಡ ಶಾಶ್ವತ ಆಸ್ತಿಗಳನ್ನು ಬರೆದಿಡುವ ರಿಜಿಸ್ಟರ್. ನಮೂನೆ ಜಿಎಫ್‌ಆರ್ 22.

ವಿಲೇವಾರಿ: ಮಾರುವುದು, ದಾನ ಕೊಡುವುದು, ವರ್ಗಾಯಿಸುವುದು, ಗುಜರಿಗೆ ಹಾಕುವುದು. ಆಸ್ತಿ ನಿಮ್ಮ ಕೈಬಿಟ್ಟು ಹೋಗುವ ಎಲ್ಲ ದಾರಿಗಳೂ ಇದರೊಳಗೆ ಬರುತ್ತವೆ.

ಹಂತ 1: ನೀವು ಮಾಡಹೊರಟಿರುವುದು ಏನೆಂದು ಗುರುತಿಸಿ

ಅನುದಾನದ ಆದೇಶಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮೂರು ನಿರ್ಬಂಧಗಳಿರುತ್ತವೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆಸ್ತಿಯನ್ನು ವಿಲೇವಾರಿ ಮಾಡಬಾರದು, ಅದರ ಮೇಲೆ ಋಣಭಾರ ಹೊರಿಸಬಾರದು, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಬಾರದು. ಹೆಚ್ಚಿನವರಿಗೆ ಗೊತ್ತಿರುವುದು ಮೊದಲನೆಯದು ಮಾತ್ರ. "ನಾವೇನೂ ಮಾರಿಲ್ಲವಲ್ಲ" ಎನ್ನುತ್ತಾರೆ. ಉಳಿದೆರಡನ್ನು ಮೀರುವುದು ಇನ್ನೂ ಸುಲಭ. ಈ ಉದಾಹರಣೆಗಳನ್ನು ನೋಡಿ.

ಹಾಸ್ಟೆಲ್‌ಗೆಂದು ಕಟ್ಟಿದ ಹಾಲನ್ನು ಭಾನುವಾರ ಮದುವೆಗೆ ಬಾಡಿಗೆಗೆ ಕೊಡುವುದು ಬಳಕೆಯ ಬದಲಾವಣೆ. ಅದೇ ಕಟ್ಟಡದ ತಾರಸಿಯನ್ನು ಮೊಬೈಲ್ ಟವರ್‌ಗೆ ಕೊಡುವುದೂ ಹಾಗೆಯೇ. ಕಟ್ಟಡದ ಪತ್ರ ಬ್ಯಾಂಕಿನಲ್ಲಿಟ್ಟು ಹೊಸ ಬ್ಲಾಕಿಗೆ ಸಾಲ ತಂದರೆ ಅದು ಋಣಭಾರ. ಹಳೆಯ ಕಂಪ್ಯೂಟರ್‌ಗಳನ್ನು ಅಂಗಡಿಯ ಎಕ್ಸ್‌ಚೇಂಜ್ ಆಫರ್‌ನಲ್ಲಿ ಕೊಟ್ಟು ಹೊಸದು ತಂದರೆ ಅದು ವಿಲೇವಾರಿ. ಬಿಲ್ಲಿನಲ್ಲಿ ಕಳೆದ ಆ ಎರಡು ಮೂರು ಸಾವಿರವೇ ಮಾರಾಟದ ಹಣ.

ಶಾಲೆಗಳವರು ಅಟಲ್ ಟಿಂಕರಿಂಗ್ ಲ್ಯಾಬ್ ಬಗ್ಗೆಯೂ ಕೇಳುತ್ತಾರೆ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ ಈ ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ: ಸ್ಥಾಪನೆಗೆ 10 ಲಕ್ಷ, ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ ಉಳಿದ 10 ಲಕ್ಷ. ಐದು ವರ್ಷ ಮುಗಿದ ತಕ್ಷಣ ತ್ರೀಡಿ ಪ್ರಿಂಟರ್, ಲ್ಯಾಪ್‌ಟಾಪ್ ಎಲ್ಲ ತಮ್ಮಿಷ್ಟದಂತೆ ಬಳಸಬಹುದೆಂದು ಕೆಲವು ಆಡಳಿತ ಮಂಡಳಿಗಳು ತಿಳಿದಿವೆ. ನಿರ್ವಹಣೆಯ ಹಣ ನಿಂತಿತೆಂದು ಆಸ್ತಿಯ ಮೇಲಿನ ಷರತ್ತು ನಿಲ್ಲುವುದಿಲ್ಲ. ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಬಂದ ಉಪಕರಣಗಳು ಪ್ರಾಂಶುಪಾಲರ ಕೊಠಡಿಗೋ, ಹೊರಗಿನವರಿಗೆ ಶುಲ್ಕ ಪಡೆದು ನಡೆಸುವ ತರಗತಿಗೋ ಹೋಗುವುದನ್ನು ಒಪ್ಪಲಾಗದು. ಅದು ನಿಯಮದ ಪ್ರಶ್ನೆಯಾಗುವ ಮೊದಲೇ ಆ ಮಕ್ಕಳ ಪ್ರಶ್ನೆ.

ಹಂತ 2: ಮಂಜೂರಾತಿ ಆದೇಶ ಹುಡುಕಿ ತೆಗೆಯಿರಿ

ಎಷ್ಟೋ ಸಂಸ್ಥೆಗಳಲ್ಲಿ ಅನುದಾನ ಬಂದ ಕಾಲದ ಕಾರ್ಯದರ್ಶಿ ಈಗಿಲ್ಲ, ಫೈಲೂ ಇಲ್ಲ. ಹಾಗಿದ್ದರೆ ಹಳೆಯ ಆಡಿಟ್ ವರದಿ ಮತ್ತು ಯುಸಿಯ ಪ್ರತಿ ನೋಡಿ. ಯುಸಿಯಲ್ಲಿ ಮಂಜೂರಾತಿ ಪತ್ರದ ಸಂಖ್ಯೆ, ದಿನಾಂಕ ಇದ್ದೇ ಇರುತ್ತದೆ. ಇತ್ತೀಚಿನ ಅನುದಾನವಾದರೆ ಪಿಎಫ್‌ಎಂಎಸ್ ದಾಖಲೆಯಲ್ಲಿ ಹಣ ಬಂದ ವಿವರ ಸಿಗುತ್ತದೆ. ಸರ್ಕಾರದ ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಜಾಡು ಹಿಡಿಯುವ ಆನ್‌ಲೈನ್ ವ್ಯವಸ್ಥೆ ಅದು. ಎಲ್ಲೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕೇಂದ್ರದ ಕಚೇರಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.

ಇಲಾಖೆಯ ಹೆಸರು ಬದಲಾಗಿರಬಹುದೆಂಬುದು ನೆನಪಿರಲಿ. ಹಳೆಯ ಆದೇಶದಲ್ಲಿ ಕಲ್ಯಾಣ ಸಚಿವಾಲಯ ಎಂದಿದ್ದರೆ ಅದು 1998ರಿಂದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ. ಅಂಗವಿಕಲರ ಯೋಜನೆಗಳಿಗೆ 2012ರಲ್ಲಿ ಅದರೊಳಗೇ ಪ್ರತ್ಯೇಕ ಇಲಾಖೆಯಾಯಿತು. ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2020ರಲ್ಲಿ ಶಿಕ್ಷಣ ಸಚಿವಾಲಯವಾಯಿತು. ಹೆಸರು ಹೋದರೂ ಅಧಿಕಾರ ಮುಂದಿನ ಇಲಾಖೆಗೆ ಬಂದಿರುತ್ತದೆ. ಪತ್ರ ಈಗಿನ ಇಲಾಖೆಗೆ ಬರೆಯಿರಿ, ಹಳೆಯ ಹೆಸರನ್ನು ಉಲ್ಲೇಖದಲ್ಲಿ ಕಾಣಿಸಿ.

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಬಂದ ಕಟ್ಟಡವೋ ಆಂಬುಲೆನ್ಸೋ ಆಗಿದ್ದರೆ ದಾರಿ ಬೇರೆ. ಅಲ್ಲಿ ಸಂಸ್ಥೆ ಜಿಲ್ಲಾಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿರುತ್ತದೆ. ಮೊದಲು ಹೋಗಬೇಕಾದದ್ದು ಜಿಲ್ಲಾಧಿಕಾರಿ ಕಚೇರಿಗೆ.

ಹಂತ 3: ಬಾಂಡ್ ಓದಿ, ಸಹಿ ಯಾರದೆಂದು ನೋಡಿ

ಈ ಹಂತದಲ್ಲಿ ಸ್ವಲ್ಪ ನಿಧಾನಿಸಿ. ಖಾಸಗಿ ಸಂಸ್ಥೆಗಳಿಗೆ ಅನುದಾನ ಬಿಡುಗಡೆಯಾಗುವ ಮೊದಲು ಆಡಳಿತ ಮಂಡಳಿಯ ಸದಸ್ಯರಿಂದ ಬಾಂಡ್ ಬರೆಸಿಕೊಳ್ಳುವ ವ್ಯವಸ್ಥೆ ಜಿಎಫ್‌ಆರ್‌ನಲ್ಲಿದೆ. ಷರತ್ತುಗಳನ್ನು ಪಾಲಿಸುತ್ತೇವೆ, ಅನುದಾನವನ್ನು ಬೇರೆಡೆ ತಿರುಗಿಸುವುದಿಲ್ಲ, ಕೆಲಸವನ್ನು ಇನ್ನೊಂದು ಸಂಸ್ಥೆಗೆ ವಹಿಸುವುದಿಲ್ಲ ಎಂದು ಅದರಲ್ಲಿ ಬರೆದುಕೊಟ್ಟಿರುತ್ತೀರಿ. ಮುರಿದರೆ ಸಹಿ ಹಾಕಿದವರು ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ: ಅನುದಾನದ ಪೂರ್ತಿ ಅಥವಾ ಒಂದು ಭಾಗವನ್ನು ವರ್ಷಕ್ಕೆ ಶೇ 10ರ ಬಡ್ಡಿ ಸೇರಿಸಿ ವಾಪಸು ಮಾಡಬೇಕು. ಬಾಂಡಿನಲ್ಲಿ ಬೇರೆ ಮೊತ್ತ ಬರೆದಿದ್ದರೆ ಆ ಮೊತ್ತ.

ಲೆಕ್ಕ ಹಾಕಿ ನೋಡಿ. 6 ಲಕ್ಷದ ವ್ಯಾನ್, ಐದು ವರ್ಷ. ಸರಳ ಬಡ್ಡಿ ಹಿಡಿದರೂ ಬಡ್ಡಿಯೇ 3 ಲಕ್ಷ, ಒಟ್ಟು 9 ಲಕ್ಷ. ಆ ಹೊತ್ತಿಗೆ ಪೇಟೆಯಲ್ಲಿ ವ್ಯಾನಿಗೆ ಅದರ ಅರ್ಧ ಬೆಲೆಯೂ ಬರುವುದಿಲ್ಲ. ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಎಂದರೆ ಇಡೀ ಮೊತ್ತವನ್ನು ಸಹಿ ಹಾಕಿದ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದು ಎಂದರ್ಥ. ಊರಿನ ಹಿರಿಯರು, ನಿವೃತ್ತ ಮೇಷ್ಟ್ರು ನಂಬಿಕೆಯ ಮೇಲೆ ಸಹಿ ಹಾಕಿರುತ್ತಾರೆ. ಬಳಕೆ ಬದಲಿಸುವ ತೀರ್ಮಾನಕ್ಕೆ ಮುನ್ನ ಅವರಿಗೆ ವಿಷಯ ತಿಳಿಸುವುದು ನಿಮ್ಮ ಕರ್ತವ್ಯ, ಅವರು ಈಗ ಮಂಡಳಿಯಲ್ಲಿ ಇಲ್ಲದಿದ್ದರೂ.

ಹಂತ 4: ಆಸ್ತಿ ವಹಿ ಮತ್ತು ಆಸ್ತಿ ಎರಡನ್ನೂ ಎದುರುಬದುರು ಇಟ್ಟು ನೋಡಿ

ಜಿಎಫ್‌ಆರ್ 22ರ ಒಂದು ಸಾಲು ಹೀಗಿರಬೇಕು: ಕೊಂಡ ದಿನಾಂಕ, ಆಸ್ತಿಯ ವಿವರ, ಅಂದರೆ ಬರೀ "ವ್ಯಾನ್" ಅಲ್ಲ, ಮಾದರಿ, ಚಾಸಿಸ್ ಸಂಖ್ಯೆ, ನೋಂದಣಿ ಸಂಖ್ಯೆ, ಮಾರಿದವರ ಹೆಸರು, ವಿಳಾಸ, ಬಿಲ್ ಸಂಖ್ಯೆ, ಬೆಲೆ, ಆಸ್ತಿ ಇರುವ ಜಾಗ, ಷರಾ. ಈ ಷರಾ ಕಾಲಂ ಹೆಚ್ಚಿನ ವಹಿಗಳಲ್ಲಿ ಖಾಲಿ ಇರುತ್ತದೆ. ಯಾವ ಆದೇಶದ ಅನುದಾನ, ಅದರಲ್ಲಿ ಸರ್ಕಾರದ ಪಾಲೆಷ್ಟು, ಸಂಸ್ಥೆಯ ಪಾಲೆಷ್ಟು ಎಂದು ಅಲ್ಲಿ ಬರೆಯಿರಿ.

ಪಾಲು ಯಾಕೆ ಮುಖ್ಯವೆಂದರೆ, ಪೂರ್ವಾನುಮತಿಯ ನಿಯಮ ಅನ್ವಯಿಸುವುದು ಪೂರ್ತಿಯಾಗಿ ಅಥವಾ ಬಹುಪಾಲು ಸರ್ಕಾರದ ಹಣದಲ್ಲಿ ಬಂದ ಆಸ್ತಿಗೆ. 40 ಲಕ್ಷದ ಕಟ್ಟಡದಲ್ಲಿ 30 ಲಕ್ಷ ಅನುದಾನವಾದರೆ ಯಾವ ಸಂಶಯವೂ ಬೇಡ, ಅನುಮತಿ ಬೇಕು. ಅನುದಾನದ ಪಾಲು ತೀರಾ ಸಣ್ಣದಿದ್ದರೆ ನೀವೇ ತೀರ್ಮಾನಿಸಿಕೊಳ್ಳದೆ ಆದೇಶದ ಮಾತು ನೋಡಿ. ಪ್ರಮಾಣ ಎಷ್ಟೇ ಇರಲಿ ಅನುಮತಿ ಬೇಕೆಂದು ಕೆಲವು ಯೋಜನೆಗಳ ಆದೇಶಗಳು ಹೇಳುತ್ತವೆ.

ವರ್ಷಕ್ಕೊಮ್ಮೆಯಾದರೂ ಈ ಶಾಶ್ವತ ಆಸ್ತಿಗಳ ಭೌತಿಕ ಪರಿಶೀಲನೆ ನಡೆಯಬೇಕೆಂದು ನಿಯಮವಿದೆ. ನಡೆದಿಲ್ಲದಿದ್ದರೆ ಈಗ ಮಾಡಿ, ದಿನಾಂಕ ಹಾಕಿ, ಇಬ್ಬರು ಸಹಿ ಮಾಡಿ. ಹಳೆಯ ವರ್ಷಗಳ ಪರಿಶೀಲನೆಯನ್ನು ಇಂದು ಕೂತು ಸೃಷ್ಟಿಸಬೇಡಿ. 12-ಎ ನಮೂನೆಯ ಯುಸಿಯಲ್ಲಿ ಆಸ್ತಿ ವಹಿಯನ್ನು ನಿಯಮದಂತೆ ಇಟ್ಟಿದ್ದೇವೆ ಎಂಬ ಸಾಲಿದೆ. ಅದಕ್ಕೆ ನೀವು ಸಹಿ ಹಾಕಿದ್ದೀರಿ. ವಹಿಯೇ ಇಲ್ಲದಿದ್ದರೆ ಮೊದಲು ಸರಿಪಡಿಸಬೇಕಾದದ್ದು ಅದನ್ನು.

ಎಚ್ಚರಿಕೆ: "ಬ್ಯಾಲೆನ್ಸ್ ಶೀಟಿನಲ್ಲಿ ಅದರ ಬೆಲೆ 1 ರೂಪಾಯಿ" ಎಂಬ ಸಮಾಧಾನ ಬೇಡ. ಪೂರ್ತಿ ಬೆಲೆ ಅನುದಾನದಿಂದ ಬಂದಾಗ ಆಸ್ತಿಯನ್ನು ನಾಮಮಾತ್ರ ಬೆಲೆಗೆ ತೋರಿಸಲು ಲೆಕ್ಕಪತ್ರ ಮಾನದಂಡ 12 ಅವಕಾಶ ಕೊಡುತ್ತದೆ. ಅದು ಲೆಕ್ಕ ಬರೆಯುವ ರೀತಿ ಮಾತ್ರ. ಸವಕಳಿ ಪೂರ್ತಿ ಮುಗಿದರೂ ಅನುದಾನದ ಷರತ್ತು ಸವೆಯುವುದಿಲ್ಲ.

ಹಂತ 5: ಆಡಳಿತ ಮಂಡಳಿಯ ಠರಾವು

ಸಭೆಯ ನಡವಳಿಯಲ್ಲಿ ನಾಲ್ಕು ವಿಷಯ ಇರಲಿ: ಆಸ್ತಿ ಯಾವುದು, ಮೂಲ ಉದ್ದೇಶಕ್ಕೆ ಈಗ ಯಾಕೆ ಬೇಡ, ಹೊಸ ಬಳಕೆಯಿಂದ ಲಾಭ ಯಾರಿಗೆ, ಮತ್ತು ಅನುಮತಿ ಬರುವವರೆಗೆ ಬಳಕೆ ಬದಲಿಸುವುದಿಲ್ಲ ಎಂಬ ಸ್ಪಷ್ಟ ಸಾಲು. ಕೋರಂ ಇಲ್ಲದ ಸಭೆಯ ಠರಾವಿಗೆ ಬೆಲೆಯಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿತ ಸಂಘವಾದರೆ ನಿಮ್ಮ ಬೈಲಾ ಏನು ಹೇಳುತ್ತದೆಂದು ನೋಡಿ. ಸ್ಥಿರಾಸ್ತಿಯ ವಿಷಯ ಸರ್ವ ಸದಸ್ಯರ ಸಭೆಗೆ ಹೋಗಬೇಕೆಂದು ಹಲವು ಬೈಲಾಗಳಲ್ಲಿರುತ್ತದೆ.

ಹಂತ 6: ಪೂರ್ವಾನುಮತಿ ಪತ್ರ

ದೆಹಲಿಗೆ ಹೋಗುವುದಾದ್ದರಿಂದ ಪತ್ರ ಇಂಗ್ಲಿಷಿನಲ್ಲಿರಲಿ. ಒಕ್ಕಣೆ ಈ ರೀತಿ ಇದ್ದರೆ ಸಾಕು:

"ವಿಷಯ: ಅನುದಾನದಿಂದ ಕೊಂಡ ವಾಹನದ ಬಳಕೆ ಬದಲಾವಣೆಗೆ ಪೂರ್ವಾನುಮತಿ ಕೋರಿ.

ಉಲ್ಲೇಖ: ಮಂಜೂರಾತಿ ಆದೇಶ ಸಂಖ್ಯೆ, ದಿನಾಂಕ.

ಮೇಲಿನ ಆದೇಶದಡಿ ಬಂದ ಅನುದಾನದಲ್ಲಿ ನಮ್ಮ ವಿಶೇಷ ಶಾಲೆಗೆ ಈ ವಾಹನ ಕೊಂಡಿರುತ್ತೇವೆ. ಇಲ್ಲಿಯವರೆಗೆ ಅದೇ ಉದ್ದೇಶಕ್ಕೆ ಬಳಸಿರುತ್ತೇವೆ. ಶಾಲೆಯ ಮಕ್ಕಳ ಸಂಖ್ಯೆ ಇಷ್ಟರಿಂದ ಇಷ್ಟಕ್ಕೆ ಇಳಿದಿದ್ದು, ವಾಹನ ದಿನದ ಹೆಚ್ಚು ಹೊತ್ತು ನಿಂತೇ ಇರುತ್ತದೆ. ಇದನ್ನು ನಮ್ಮ ಸಂಸ್ಥೆಯೇ ನಡೆಸುವ ಫಿಜಿಯೋಥೆರಪಿ ಕೇಂದ್ರಕ್ಕೆ ಬರುವ ಅಂಗವಿಕಲರಿಗೆ ಉಚಿತವಾಗಿ ಒದಗಿಸಲು ಅನುಮತಿ ಕೋರುತ್ತೇವೆ. ಬೆಳಿಗ್ಗೆ ಮತ್ತು ಸಂಜೆ ಶಾಲೆಯ ಮಕ್ಕಳ ಪ್ರಯಾಣಕ್ಕೆ ತೊಂದರೆಯಾಗುವುದಿಲ್ಲ. ವಾಹನದಿಂದ ಯಾವ ಆದಾಯವನ್ನೂ ಪಡೆಯುವುದಿಲ್ಲ. ಅನುಮತಿ ಬರುವವರೆಗೆ ಈಗಿನ ಬಳಕೆಯನ್ನೇ ಮುಂದುವರಿಸುತ್ತೇವೆ."

ಹೊಸ ಉದ್ದೇಶ ಹಳೆಯದಕ್ಕೆ ಹತ್ತಿರವಿದ್ದಷ್ಟೂ ನಿಮ್ಮ ಕೋರಿಕೆ ಗಟ್ಟಿ. ಅಂಗವಿಕಲ ಮಕ್ಕಳಿಗೆ ಬಂದದ್ದು ಅಂಗವಿಕಲ ವಯಸ್ಕರಿಗೂ ಆಗಲಿ ಎಂದರೆ ಅಧಿಕಾರಿಗೆ ಯೋಜನೆಯ ಚೌಕಟ್ಟಿನೊಳಗೇ ಟಿಪ್ಪಣಿ ಬರೆಯಲು ಬರುತ್ತದೆ. ಅದೇ ವ್ಯಾನನ್ನು ಟ್ರಸ್ಟಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಎಂದರೆ ಕಷ್ಟ, ನ್ಯಾಯವೂ ಅಲ್ಲ.

ಲಗತ್ತುಗಳು: ಮಂಜೂರಾತಿ ಆದೇಶ, ಯುಸಿ, ಆಸ್ತಿ ವಹಿಯ ಸಂಬಂಧಪಟ್ಟ ಪುಟ, ಠರಾವು, ಆಸ್ತಿಯ ಈಗಿನ ಫೋಟೊ, ಇತ್ತೀಚಿನ ಆಡಿಟ್ ಆದ ಲೆಕ್ಕಪತ್ರ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಗೆ ಸಿಕ್ಕಿರುವ ಗುರುತಿನ ಸಂಖ್ಯೆ. ಮೂಲ ಅರ್ಜಿ ರಾಜ್ಯದ ಇಲಾಖೆಯ ಮೂಲಕ ಹೋಗಿದ್ದರೆ ಈ ಪತ್ರವೂ ಅದೇ ದಾರಿಯಲ್ಲಿ ಹೋಗಲಿ, ಒಂದು ಪ್ರತಿ ನೇರವಾಗಿ ದೆಹಲಿಗೆ. ಸ್ಪೀಡ್ ಪೋಸ್ಟ್ ರಸೀದಿ, ಇ-ಮೇಲ್ ಎರಡನ್ನೂ ಫೈಲಿಗೆ ಹಾಕಿ.

ಹಂತ 7: ಉತ್ತರ ಬರದಿದ್ದರೆ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. "ಪತ್ರ ಹಾಕಿ ಆರು ತಿಂಗಳಾಯಿತು, ಬೇಡ ಅನ್ನಲಿಲ್ಲ, ಶುರು ಮಾಡಿದೆವು." ಉತ್ತರ ಬರದಿರುವುದು ಅನುಮತಿಯಲ್ಲ. ಜಿಲ್ಲಾ ಅಧಿಕಾರಿ ಬಾಯಿಮಾತಿನಲ್ಲಿ "ಮಾಡ್ಕೊಳ್ಳಿ ಪರವಾಗಿಲ್ಲ" ಎಂದದ್ದೂ ಅನುಮತಿಯಲ್ಲ. ಅವರು ನಾಳೆ ವರ್ಗವಾಗಿ ಹೋಗುತ್ತಾರೆ, ಆಡಿಟ್‌ನವರು ಕೇಳುವುದು ಕಾಗದ. ನೆನಪೋಲೆ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಆದ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ, ಅಥವಾ ನಿಮ್ಮ ಪತ್ರದ ಮೇಲೆ ಈವರೆಗೆ ಆದ ಕ್ರಮದ ಟಿಪ್ಪಣಿ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ.

ಅನುದಾನ ಪಡೆದ ಸಂಸ್ಥೆಯ ಲೆಕ್ಕಪತ್ರ ಮಂಜೂರಾತಿ ಪ್ರಾಧಿಕಾರದ ತಪಾಸಣೆಗೆ, ಆಂತರಿಕ ಲೆಕ್ಕಪರಿಶೋಧನೆಗೆ, ಮಹಾಲೇಖಪಾಲರ (ಸಿಎಜಿ) ಲೆಕ್ಕಪರಿಶೋಧನೆಗೆ ತೆರೆದಿರುತ್ತದೆ. ವರ್ಷದಲ್ಲಿ 25 ಲಕ್ಷಕ್ಕೆ ಕಡಿಮೆಯಿಲ್ಲದ ಅನುದಾನ ಅಥವಾ ಸಾಲ ಬಂದು, ಅದು ಒಟ್ಟು ಖರ್ಚಿನ ಶೇ 75ಕ್ಕೆ ಕಡಿಮೆಯಿಲ್ಲದಿದ್ದರೆ 1971ರ ಸಿಎಜಿ ಕಾಯ್ದೆಯ 14ನೇ ಕಲಂ ಪ್ರಕಾರ ನೇರ ಲೆಕ್ಕಪರಿಶೋಧನೆಯೇ ಬರಬಹುದು.

ಹಂತ 8: ಕೆಟ್ಟುಹೋದ ವಸ್ತುಗಳಿಗೆ ಬೇರೆ ದಾರಿ

ಎಲ್ಲದಕ್ಕೂ ದೆಹಲಿಗೆ ಬರೆಯಬೇಕಾಗಿಲ್ಲ. ಬಳಸಲು ಬಾರದ, ಹಳತಾದ ವಸ್ತುವೆಂದು ಜಿಎಫ್‌ಆರ್ ಕ್ರಮದಂತೆ ಘೋಷಿಸಿದ ಆಸ್ತಿಗೆ ಪೂರ್ವಾನುಮತಿಯ ನಿಯಮದಲ್ಲೇ ವಿನಾಯಿತಿ ಇದೆ. ಆದರೆ ಕ್ರಮ ಪಾಲಿಸಿರಬೇಕು. ಸಮಿತಿ ಮಾಡಿ, ತಾಂತ್ರಿಕವಾಗಿ ತಿಳಿದವರಿಂದ ವರದಿ ಪಡೆಯಿರಿ, ಯಾಕೆ ಬಳಸಲಾಗದೆಂದು ಕಾರಣ ಬರೆಯಿರಿ, ಪುಸ್ತಕ ಮೌಲ್ಯ ಮತ್ತು ಕನಿಷ್ಠ ನಿರೀಕ್ಷಿತ ಬೆಲೆ ನಿಗದಿ ಮಾಡಿ, ಜಿಎಫ್‌ಆರ್ 10ರ ನಮೂನೆಯಲ್ಲಿ ವರದಿ ತಯಾರಿಸಿ. ಯಾರದಾದರೂ ಅಜಾಗರೂಕತೆಯಿಂದ ಕೆಟ್ಟಿದ್ದರೆ ಹೊಣೆ ಯಾರದೆಂದೂ ದಾಖಲಾಗಬೇಕು. ಹೆಚ್ಚು ಬೆಲೆಯದಾದರೆ ಟೆಂಡರ್ ಅಥವಾ ಬಹಿರಂಗ ಹರಾಜು. ಕಂಪ್ಯೂಟರ್, ಯುಪಿಎಸ್‌ಗಳನ್ನು ಬೀದಿಯ ಗುಜರಿಯವರಿಗೆ ಕೊಡಬೇಡಿ. 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು; ರಸೀದಿ ಪಡೆಯಿರಿ.

ಮಾರಿ ಬಂದ ಹಣವನ್ನು ಸಂಸ್ಥೆಯ ಸಾಮಾನ್ಯ ನಿಧಿಗೆ ಸೇರಿಸಿಬಿಡಬೇಡಿ. ಪ್ರತ್ಯೇಕವಾಗಿ ತೋರಿಸಿ, ಇಲಾಖೆ ಹೇಳಿದಂತೆ ಮಾಡಿ. ವಾಪಸು ಕಟ್ಟಲು ಹೇಳಿದರೆ ಭಾರತ್‌ಕೋಶ್ ಪೋರ್ಟಲ್ ಮೂಲಕ ಕಟ್ಟಿ ಚಲನ್ ಪ್ರತಿಯನ್ನು ಆಸ್ತಿ ವಹಿಯ ಆ ಪುಟಕ್ಕೇ ಅಂಟಿಸಿ.

ಹಂತ 9: ಉಳಿದ ಅನುಮತಿಗಳನ್ನು ಮರೆಯಬೇಡಿ

ಅನುದಾನ ಕೊಟ್ಟವರು ಒಪ್ಪಿದರು ಎಂದಮೇಲೆ ಎಲ್ಲ ಮುಗಿಯಲಿಲ್ಲ. ಕಟ್ಟಡವಿರುವ ಜಾಗ ಭೂ ಮಂಜೂರಾತಿ ನಿಯಮಗಳು 1969ರಡಿ ಸರ್ಕಾರದಿಂದ ಬಂದದ್ದಾದರೆ ಆ ಜಾಗಕ್ಕೇ ಬೇರೆ ಷರತ್ತುಗಳಿವೆ, ಅವು ಕಂದಾಯ ಇಲಾಖೆಯವು. ಬೆಂಗಳೂರಿನಲ್ಲಿ ಬಿಡಿಎ ಗುತ್ತಿಗೆಗೆ ಕೊಟ್ಟ ಸಿಎ ನಿವೇಶನವಾದರೆ, ಅಂದರೆ ನಾಗರಿಕ ಸೌಕರ್ಯಕ್ಕೆ ಮೀಸಲಿಟ್ಟ ಜಾಗವಾದರೆ, ಗುತ್ತಿಗೆ ಪತ್ರದಲ್ಲಿ ಬರೆದ ಉದ್ದೇಶವೇ ಅಂತಿಮ. ಮಹಾಯೋಜನೆಯಲ್ಲಿ ಗುರುತಿಸಿದ ಭೂ ಬಳಕೆ ಬದಲಾಗುವುದಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನಡಿ ಪ್ರತ್ಯೇಕ ಅರ್ಜಿ.

ವ್ಯಾನಿಗೂ ಇದು ಅನ್ವಯ. ಶಾಲಾ ವಾಹನವೆಂದು ನೋಂದಣಿಯಾದದ್ದು ವಿದ್ಯಾರ್ಥಿಗಳನ್ನು, ಸಿಬ್ಬಂದಿಯನ್ನು ಒಯ್ಯಲು ಮಾತ್ರ. ರೋಗಿಗಳನ್ನು ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಪರ್ಮಿಟ್, ವಿಮಾ ಕಂಪನಿಯಲ್ಲಿ ಪಾಲಿಸಿ ಎರಡನ್ನೂ ಬದಲಿಸಿ. ಅಪಘಾತವಾದ ಮೇಲೆ ವಿಮಾ ಕಂಪನಿ ತಕರಾರು ತೆಗೆದರೆ ನಷ್ಟವಾಗುವುದು ಒಳಗೆ ಕೂತಿದ್ದವರಿಗೆ.

ಈಗಾಗಲೇ ಬದಲಾಗಿ ಹೋಗಿದ್ದರೆ

ಮುಚ್ಚಿಡಬೇಡಿ. ಮೊದಲು ಹೊಸ ಬಳಕೆ ನಿಲ್ಲಿಸಿ, ಮೂಲ ಉದ್ದೇಶಕ್ಕೆ ಮರಳಿಸಲು ಆಗುವುದಾದರೆ ಮರಳಿಸಿ. ಯಾವ ದಿನದಿಂದ ಯಾವ ದಿನದವರೆಗೆ ಯಾವುದಕ್ಕೆ ಬಳಸಿದಿರಿ, ಬಾಡಿಗೆ ಬಂದಿದ್ದರೆ ಎಷ್ಟು ಎಂದು ಲೆಕ್ಕ ಬರೆದು ನೀವಾಗಿಯೇ ಇಲಾಖೆಗೆ ತಿಳಿಸಿ. ಪ್ರವಾಹ, ಸಾಂಕ್ರಾಮಿಕದಂಥ ತುರ್ತಿನಲ್ಲಿ ಹಾಸ್ಟೆಲನ್ನು ಕಾಳಜಿ ಕೇಂದ್ರಕ್ಕೆ ಬಿಟ್ಟುಕೊಟ್ಟಿದ್ದರೆ ಜಿಲ್ಲಾಡಳಿತದ ಆದೇಶದ ಪ್ರತಿಯನ್ನು ಲಗತ್ತಿಸಿ. ಹಳೆಯ ದಿನಾಂಕ ಹಾಕಿದ ಠರಾವು, ತಿದ್ದಿದ ವಹಿ, ನಿಜವಲ್ಲದ ಯುಸಿ ಇವುಗಳಲ್ಲಿ ಯಾವುದಕ್ಕೂ ಕೈಹಾಕಬೇಡಿ. ಷರತ್ತು ಮುರಿದದ್ದಕ್ಕೆ ಹಣ ವಾಪಸು ಕೇಳುತ್ತಾರೆ. ಸುಳ್ಳು ದಾಖಲೆ ಸೃಷ್ಟಿಸಿದರೆ ಕ್ರಿಮಿನಲ್ ಪ್ರಕರಣವಾಗುತ್ತದೆ.

ಸಂಸ್ಥೆಯನ್ನೇ ಮುಚ್ಚುವುದಾದರೆ

ಸಂಸ್ಥೆ ಇಲ್ಲವಾದರೆ ಅನುದಾನದ ಆಸ್ತಿ ಸರ್ಕಾರಕ್ಕೆ ಮರಳುತ್ತದೆ ಎಂಬ ಷರತ್ತು ಅನೇಕ ಆದೇಶಗಳಲ್ಲಿದೆ. ಇದೇ ಟ್ರಸ್ಟಿಗಳಿರುವ ಸೋದರ ಟ್ರಸ್ಟಿಗೆ ಕೊಟ್ಟುಬಿಡೋಣ ಎಂದುಕೊಳ್ಳಬೇಡಿ. ಟ್ರಸ್ಟಿಗಳು ಅವರೇ ಆದರೂ ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಸಂಸ್ಥೆ. ಮುಚ್ಚುವ ಠರಾವಿಗೆ ಮೊದಲೇ ಇಲಾಖೆಗೆ ಆಸ್ತಿಗಳ ಪೂರ್ಣ ಪಟ್ಟಿ ಕಳಿಸಿ, ಅದೇ ಕೆಲಸ ಮಾಡುತ್ತಿರುವ ಹತ್ತಿರದ ಇನ್ನೊಂದು ಸಂಸ್ಥೆ ನಿಮಗೆ ಗೊತ್ತಿದ್ದರೆ ಅದರ ಒಪ್ಪಿಗೆ ಪತ್ರವನ್ನೂ ಜೊತೆಗಿಡಿ. ಹಸ್ತಾಂತರದ ದಿನ ಆಸ್ತಿ ವಹಿಯ ಪ್ರತಿ ಸಾಲಿನೆದುರು ಕೊಟ್ಟವರ, ಪಡೆದವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಇಲಾಖೆಗೆ, ಒಂದನ್ನು ನಿಮ್ಮ ಆಡಿಟರ್‌ಗೆ, ಒಂದನ್ನು ಬಾಂಡಿಗೆ ಸಹಿ ಹಾಕಿದ ಪ್ರತಿಯೊಬ್ಬರಿಗೂ ಕೊಡಿ.